ಇದು ಖರೇ ಏನ್ರಿ? ತರಗತಿಯಲ್ಲಿ ಮಾಧ್ಯಮ ಸಾಕ್ಷರತೆ ಕಲಿಸುವ ಬಗೆ

ಮಾಧ್ಯಮ ಸಾಕ್ಷರತೆಯ, ಅಂದರೆ ಕೇಳಿದ ಕಂಡ ಸುದ್ದಿಯನ್ನು ಪರೀಕ್ಷಿಸಿ ನೋಡುವ ಕಲಿಕೆಯ, ಮೊದಲ ಪಾಠಕ್ಕೆ ಮಕ್ಕಳಿಂದ ಮೊಬೈಲ್ ತರಿಸಬೇಡಿ, ಹತ್ತು ರೂಪಾಯಿಯ ನಾಣ್ಯ ತರಿಸಿ. ಸೇಡಂ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಎಂಟರಿಂದ ಹತ್ತನೆಯ ತರಗತಿಯವರೆಗೆ ಈ ಪಾಠವನ್ನು ಕೆಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಬೇರೆ ಯಾವ ಉದಾಹರಣೆಯೂ ಮಕ್ಕಳನ್ನು ಇಷ್ಟು ಬೇಗ ಮಾತಿಗೆ ಎಳೆದದ್ದು ನನಗೆ ನೆನಪಿಲ್ಲ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗದ ಸಂತೆಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ, ಟಂಟಂ ಆಟೊಗಳಲ್ಲಿ "ಇದು ನಡೆಯಂಗಿಲ್ಲ" ಎಂದು ಆ ನಾಣ್ಯವನ್ನು ಹಿಂದಕ್ಕೆ ತಳ್ಳುವುದನ್ನು ನೋಡದ ಮಗು ವಿರಳ.

ಪಾಠ ಹೀಗೆ ಸಾಗಲಿ. ಮಕ್ಕಳು ತಂದ ನಾಣ್ಯಗಳನ್ನು ಮೇಜಿನ ಮೇಲೆ ಹರಡಿ, ವಿನ್ಯಾಸಕ್ಕೆ ತಕ್ಕಂತೆ ಗುಂಪು ಮಾಡಿಸಿ. ರೂಪಾಯಿಯ ಚಿಹ್ನೆ ಇರುವವು, ಇಲ್ಲದವು, ಗೆರೆಗಳ ಸಂಖ್ಯೆಯಲ್ಲಿ ವ್ಯತ್ಯಾಸವಿರುವವು ಬೇರೆಬೇರೆಯಾಗಿ ಕಾಣಿಸುತ್ತವೆ. ಯಾವುದು ಅಸಲಿ, ಯಾವುದು ನಕಲಿ ಎಂದು ಕೇಳಿದರೆ ತರಗತಿ ಎರಡು ಪಕ್ಷವಾಗುತ್ತದೆ. ಆಗ ಉತ್ತರ ಹೇಳದೆ, "ನಡೆಯಂಗಿಲ್ಲ ಅಂತ ನಿನಗೆ ಯಾರು ಹೇಳ್ಯಾರ?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹಲಗೆಯ ಮೇಲೆ ಬರೆಯುತ್ತ ಹೋಗಿ. ಕಿರಾಣಿ ಅಂಗಡಿಯವರು ಹೇಳಿದರು. ಅವರಿಗೆ ಸಗಟು ವ್ಯಾಪಾರಿ ಹೇಳಿದ. ಅವನಿಗೆ ಯಾರು ಹೇಳಿದರು ಎಂಬಲ್ಲಿಗೆ ಬಂದಾಗ ಪ್ರತಿ ಸರಪಳಿಯೂ "ಎಲ್ಲರೂ ಅಂತಾರ" ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಹಲಗೆಯ ತುಂಬ ಆ ಮಾತೇ ಮತ್ತೆ ಮತ್ತೆ ಕಾಣುವಾಗ ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ. ಭಾರತೀಯ ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು ಹೊರಡಿಸಿದ ಪ್ರಕಟಣೆಯನ್ನು ಅದಾದ ನಂತರವೇ ಓದಿ. ಅಲ್ಲಿಯವರೆಗೆ ಬಿಡುಗಡೆಯಾಗಿದ್ದ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಕಾನೂನುಬದ್ಧ, ಅವೆಲ್ಲವನ್ನೂ ವ್ಯವಹಾರದಲ್ಲಿ ಸ್ವೀಕರಿಸಬೇಕು ಎಂದು ಅದು ತಿಳಿಸಿತ್ತು.

ಪಾಠ ಇಲ್ಲಿಗೇ ನಿಲ್ಲಬಾರದು, ಏಕೆಂದರೆ ಇದರ ಮುಂದಿನ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ನಾಣ್ಯ ಅಸಲಿ ಎಂದು ಅಂಗಡಿಯವರಿಗೆ ಗೊತ್ತಿದ್ದರೂ ಅವರು ಏಕೆ ತೆಗೆದುಕೊಳ್ಳುವುದಿಲ್ಲ? ತಾವು ಕೊಟ್ಟರೆ ಮುಂದಿನವರು ತೆಗೆದುಕೊಳ್ಳಲಾರರು ಎಂಬ ಭಯದಿಂದ. ಹೀಗೆ ಸುಳ್ಳು ಸುದ್ದಿಯನ್ನು ನಂಬದವರೂ ಅದಕ್ಕೆ ತಕ್ಕಂತೆ ನಡೆಯಬೇಕಾಗುತ್ತದೆ, ಎಲ್ಲರೂ ಹಾಗೆ ನಡೆದಾಗ ಸುಳ್ಳು ಪೇಟೆಯ ಮಟ್ಟಿಗೆ ನಿಜವೇ ಆಗಿಬಿಡುತ್ತದೆ. ಹದಿಮೂರು ವರ್ಷದ ಮಕ್ಕಳು ಇದನ್ನು ನನ್ನ ಸಹಾಯವಿಲ್ಲದೆಯೇ ಕಂಡುಕೊಂಡದ್ದನ್ನು ನಾನು ನೋಡಿದ್ದೇನೆ.

ಇನ್ನು ಮೊಬೈಲಿನ ವಿಷಯ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ, 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅದನ್ನು ಓದಿಗಾಗಿ ಬಳಸಿದವರಿಗಿಂತ ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರೇ ಹೆಚ್ಚು. ನಮ್ಮಲ್ಲಿ ಆ ಫೋನು ಸಾಮಾನ್ಯವಾಗಿ ಮಗುವಿನದಲ್ಲ. ಅಪ್ಪನದು, ಅಣ್ಣನದು, ಇಲ್ಲವೇ ಪುಣೆಗೋ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದ ಕಾಕಾ ಊರಿಗೆ ಬಂದಾಗ ಬಿಟ್ಟುಹೋದದ್ದು. ಆದ್ದರಿಂದ ಮಗುವಿಗೆ ಕಲಿಸಿದ ಪಾಠ ಮನೆಯ ಫೋನಿನವರೆಗೆ ತಲುಪಿದರೆ ಮಾತ್ರ ಫಲ. ತರಗತಿಯಲ್ಲಿ ಶಿಕ್ಷಕರ ಒಂದು ಫೋನು, ಹಲಗೆ, ಹಳೆಯ ಪತ್ರಿಕೆಗಳು ಇದ್ದರೆ ಸಾಕು.

ರಜೆಯ ಆದೇಶ

ಮಳೆಗಾಲ ಬಂತೆಂದರೆ ಎರಡನೆಯ ಪಾಠಕ್ಕೆ ಸಾಮಗ್ರಿ ತಾನಾಗಿ ಬರುತ್ತದೆ. ನಾಳೆ ಶಾಲೆಗಳಿಗೆ ರಜೆ ಎಂದು ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ಒಂದು ಪತ್ರದ ಚಿತ್ರ ರಾತ್ರಿ ಒಂಬತ್ತರ ಹೊತ್ತಿಗೆ ಹರಿದಾಡುತ್ತದೆ. ಕೆಲವೊಮ್ಮೆ ಅದು ನಿಜ. ಕೆಲವೊಮ್ಮೆ ಹೋದ ವರ್ಷದ ಆದೇಶಕ್ಕೆ ಯಾರೋ ಹೊಸ ದಿನಾಂಕ ಕೂಡಿಸಿರುತ್ತಾರೆ, ಇಲ್ಲವೇ ಪಕ್ಕದ ಜಿಲ್ಲೆಯ ಆದೇಶ ಇಲ್ಲಿಯದೆಂದು ಬಂದಿರುತ್ತದೆ.

ಈ ಪತ್ರವನ್ನು ಓದಿಸುವಾಗ ಮಕ್ಕಳ ಕಣ್ಣು ಯಾವ ಕ್ರಮದಲ್ಲಿ ಹೋಗಬೇಕೆಂಬುದನ್ನು ಅಭ್ಯಾಸ ಮಾಡಿಸಿ. ಮೊದಲು ದಿನಾಂಕ, ಅದರ ಜೊತೆಗೇ ವಾರ. ದಿನಾಂಕ ತಿದ್ದಿದವರು ವಾರವನ್ನು ತಿದ್ದಲು ಎಷ್ಟೋ ಸಲ ಮರೆಯುತ್ತಾರೆ. ಆಮೇಲೆ ಆದೇಶದ ಸಂಖ್ಯೆ, ಅದು ಅನ್ವಯಿಸುವ ತಾಲ್ಲೂಕುಗಳು, ಸಹಿ ಮಾಡಿದವರ ಹುದ್ದೆ. ದಿನಾಂಕದ ಅಂಕಿಗಳು ಉಳಿದ ಅಕ್ಷರಗಳಿಗಿಂತ ದಪ್ಪವಾಗಿಯೋ ವಾಲಿಕೊಂಡೋ ಇವೆಯೇ ಎಂಬುದನ್ನೂ ನೋಡಲಿ. ಇಷ್ಟೆಲ್ಲ ಸರಿಯಾಗಿದ್ದರೂ ಆ ಪತ್ರ ನಿಜವೆಂದು ಆಗುವುದಿಲ್ಲ ಎಂಬುದನ್ನು ಖಚಿತವಾಗಿ ಹೇಳಿ. ಪತ್ರವನ್ನು ಎಷ್ಟೇ ದಿಟ್ಟಿಸಿದರೂ ಅದರ ನಿಜ ಪತ್ರದೊಳಗೆ ಸಿಗುವುದಿಲ್ಲ. ಅದು ಹೊರಟಿದೆ ಎನ್ನಲಾದ ಕಚೇರಿಯಲ್ಲಿ, ಆ ಕಚೇರಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದ ಮುಖ್ಯ ಗುರುಗಳಿಗೆ ಬರುವ ದಾರಿಯಲ್ಲಿ ಸಿಗುತ್ತದೆ. ಈ ಭೇದ ಮಕ್ಕಳ ಮನಸ್ಸಿನಲ್ಲಿ ನೆಲೆಸಿದರೆ, ಮುಂದೆ ಚಿತ್ರ, ವಿಡಿಯೊ, ಧ್ವನಿ ಯಾವುದನ್ನು ಕಲಿಸಲು ಹೊರಟರೂ ಅರ್ಧ ಕೆಲಸ ಮುಗಿದಂತೆ.

ಇದೇ ಪಾಠದಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಈ ಪತ್ರವನ್ನು ಪರೀಕ್ಷಿಸಬೇಕೆಂದು ನಿಮಗೆ ಏಕೆ ಅನ್ನಿಸಲಿಲ್ಲ? ಮಕ್ಕಳು ನಗುತ್ತ ಒಪ್ಪಿಕೊಳ್ಳುತ್ತಾರೆ, ಅವರಿಗೆ ರಜೆ ಬೇಕಾಗಿತ್ತು. ನಾವು ಬಯಸಿದ ಸುದ್ದಿಯನ್ನು ಪರೀಕ್ಷಿಸುವುದಿಲ್ಲ, ನಾವು ಹೆದರುವ ಸುದ್ದಿಯನ್ನೂ ಪರೀಕ್ಷಿಸುವುದಿಲ್ಲ, ನಾವು ದ್ವೇಷಿಸುವವರ ಬಗ್ಗೆ ಬಂದ ಕೆಟ್ಟ ಸುದ್ದಿಯನ್ನಂತೂ ಪರೀಕ್ಷಿಸುವುದೇ ಇಲ್ಲ. ಮೂರನೆಯದನ್ನು ಕಲಿಸುವುದು ಕಷ್ಟ, ಮೊದಲನೆಯದರಿಂದ ಆರಂಭಿಸಿದರೆ ಅಲ್ಲಿಗೆ ಹೋಗಬಹುದು.

ಒಂದು ಎಚ್ಚರಿಕೆ. ಪಾಠಕ್ಕೆಂದು ಸರ್ಕಾರಿ ಆದೇಶದ ನಕಲಿಯನ್ನು ನೀವೇ ತಯಾರಿಸಬೇಡಿ. ಅದು ತರಗತಿಯ ಕಿಟಕಿ ದಾಟಿ ಊರಿಗೆ ಹೋದರೆ ತಡೆಯುವವರಿಲ್ಲ. ಇಲ್ಲದ ಜಿಲ್ಲೆಯ ಹೆಸರಿಟ್ಟು ಹಲಗೆಯ ಮೇಲೆ ಬರೆದು ಅಳಿಸಿಬಿಡಿ. ಹಳೆಯ ನಕಲಿಯೊಂದನ್ನು ಮುದ್ರಿಸಿ ತರಲೇಬೇಕಾದರೆ, ಅಡ್ಡಲಾಗಿ ದೊಡ್ಡ ಅಕ್ಷರಗಳಲ್ಲಿ "ಸುಳ್ಳು, ಪಾಠಕ್ಕಾಗಿ ಮಾತ್ರ" ಎಂದು ಬರೆದು, ಪಾಠ ಮುಗಿದ ಕೂಡಲೇ ಎಣಿಸಿ ಹಿಂದಕ್ಕೆ ಪಡೆಯಿರಿ.

ವ್ಯಾಕರಣದ ಅವಧಿಯಲ್ಲಿ ಪತ್ರಿಕೆ

ಈ ಭಾಗವನ್ನು ಕನ್ನಡ ಶಿಕ್ಷಕರಿಗಾಗಿಯೇ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಕೈಯಲ್ಲಿರುವ ಒಂದು ಸಾಧನ ಬೇರೆ ವಿಷಯದವರ ಬಳಿ ಇಲ್ಲ. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳನ್ನು ನಾವು ರಾಮನು ಮನೆ ಕಟ್ಟಿದನು, ರಾಮನಿಂದ ಮನೆ ಕಟ್ಟಲ್ಪಟ್ಟಿತು ಎಂಬಂಥ ವಾಕ್ಯಗಳಿಂದ ಕಲಿಸಿ, ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ ಮಾಡಿ ಬಿಟ್ಟುಬಿಡುತ್ತೇವೆ. ಅದೇ ಅವಧಿಯಲ್ಲಿ ಆ ದಿನದ ಪತ್ರಿಕೆಯ ಜಿಲ್ಲಾ ಪುಟವನ್ನು ಮಕ್ಕಳ ಕೈಗೆ ಕೊಟ್ಟು, ಎನ್ನಲಾಗಿದೆ, ಹೇಳಲಾಗುತ್ತಿದೆ, ತಿಳಿದುಬಂದಿದೆ, ಶಂಕಿಸಲಾಗಿದೆ, ಆರೋಪಿಸಲಾಗಿದೆ ಎಂಬ ಕ್ರಿಯಾಪದಗಳ ಕೆಳಗೆಲ್ಲ ಗೆರೆ ಎಳೆಯಲು ಹೇಳಿ. ಅನಂತರ ಆ ವಾಕ್ಯಗಳನ್ನು ಕರ್ತರಿ ಪ್ರಯೋಗಕ್ಕೆ ತಿರುಗಿಸಲು ಹೇಳಿ.

ಉದಾಹರಣೆಗೆ "ಗ್ರಾಮದ ಕೊಳವೆಬಾವಿಯ ನೀರು ಕುಡಿದು ಹಲವರು ಅಸ್ವಸ್ಥರಾಗಿದ್ದಾರೆ ಎನ್ನಲಾಗಿದೆ" ಎಂಬ ವಾಕ್ಯ. ಯಾರು ಎಂದರು? ಮಗು ವರದಿಯ ಮೊದಲಿನಿಂದ ಕೊನೆಯವರೆಗೆ ಹುಡುಕುತ್ತದೆ. ಕೆಲವು ವರದಿಗಳಲ್ಲಿ ಮೂರನೆಯ ಪ್ಯಾರಾದಲ್ಲಿ ಆರೋಗ್ಯಾಧಿಕಾರಿಯ ಮಾತು ಸಿಗುತ್ತದೆ, ವಾಕ್ಯ ತಿರುಗುತ್ತದೆ. ಕೆಲವು ವರದಿಗಳಲ್ಲಿ ಎಲ್ಲಿಯೂ ಕರ್ತೃ ಸಿಗುವುದಿಲ್ಲ, ವಾಕ್ಯ ತಿರುಗುವುದಿಲ್ಲ. ತಿರುಗದ ವಾಕ್ಯವೇ ಪಾಠ. "ಹಲವರು" ಎಂದರೆ ಎಷ್ಟು ಜನ, ನೀರು ಕುಡಿದೇ ಅಸ್ವಸ್ಥರಾದರು ಎಂದು ಯಾರು ಪರೀಕ್ಷಿಸಿದರು, ನೀರಿನ ಮಾದರಿಯನ್ನು ಕಳಿಸಿದ್ದಾರೆಯೇ, ವರದಿ ಬಂದಿದೆಯೇ ಎಂಬ ಪ್ರಶ್ನೆಗಳು ಆ ಒಂದು ಕ್ರಿಯಾಪದದ ಹಿಂದಿನಿಂದ ಸಾಲಾಗಿ ಹೊರಬರುತ್ತವೆ.

ಇಲ್ಲಿ ನ್ಯಾಯವಾಗಿ ನಡೆದುಕೊಳ್ಳಬೇಕು. ಹೆಸರು ಮರೆಮಾಡುವ ಬರವಣಿಗೆಯೆಲ್ಲ ಕಳ್ಳ ಬರವಣಿಗೆಯಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ, ಅಪರಾಧ ಪ್ರಕರಣಗಳಲ್ಲಿ ಸಿಲುಕಿದ ಮಕ್ಕಳ ಹೆಸರನ್ನು ಪತ್ರಿಕೆ ಬರೆಯಬಾರದೆಂದು ಕಾನೂನೇ ಹೇಳುತ್ತದೆ. ತನಿಖೆ ನಡೆಯುವಾಗ "ಆರೋಪಿ" ಎನ್ನುವುದು, "ಅಪರಾಧಿ" ಎನ್ನದಿರುವುದು ಸರಿಯಾದ ಎಚ್ಚರ. ಸಾಕ್ಷಿಯ ಜೀವಕ್ಕೆ ಅಪಾಯವಿದ್ದಾಗ ಮೂಲವನ್ನು ಬಚ್ಚಿಡಬೇಕಾಗುತ್ತದೆ. ಕರ್ತೃ ಇಲ್ಲದ ವಾಕ್ಯ ಕಂಡರೆ ಮಗು "ಸುಳ್ಳು" ಎಂದು ಕೂಗಬಾರದು. "ಇಲ್ಲಿ ಹೆಸರು ಏಕೆ ಇಲ್ಲ, ಅದಕ್ಕೆ ಒಳ್ಳೆಯ ಕಾರಣ ಇದ್ದೀತೇ" ಎಂದು ಕೇಳಬೇಕು.

ಸಾಧ್ಯವಾದರೆ ಒಂದೇ ದಿನದ ಎರಡು ಪತ್ರಿಕೆಗಳ ಕಲಬುರಗಿ ಆವೃತ್ತಿಗಳನ್ನು ತಂದು, ಒಂದೇ ಘಟನೆಯ ಎರಡು ವರದಿಗಳನ್ನು ಹೋಲಿಸಲಿ. ನಮ್ಮ ತರಗತಿಗಳಿಗೆ ಇನ್ನೊಂದು ಭಾಗ್ಯವೂ ಇದೆ: ಬೀದರಿನ ಗಡಿಯ ಮಗುವಿಗೆ ಮರಾಠಿ, ಸೇಡಂ, ಗುರುಮಠಕಲ್ ಕಡೆಯ ಮಗುವಿಗೆ ತೆಲುಗು, ಅನೇಕ ಮಕ್ಕಳಿಗೆ ಉರ್ದು ಮನೆಯಲ್ಲೇ ಬರುತ್ತದೆ. ಅವರು ಬೇರೆ ಭಾಷೆಯ ವರದಿಯನ್ನು ಓದಿಯೋ ಕೇಳಿಯೋ ಬಂದು ಹೇಳಿದಾಗ, ಅದೇ ಘಟನೆಯಲ್ಲಿ ಯಾರು ಮೊದಲು ಬಂದರು, ಯಾರ ಮಾತು ಬಿಟ್ಟುಹೋಯಿತು ಎಂಬುದು ತರಗತಿಗೇ ಕಾಣುತ್ತದೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ತಾಂಡಾದ ಹುಡುಗಿ ಈ ಪಾಠದಲ್ಲಿ ಮಾತ್ರ ಮುಂದೆ ಬಂದು ನಿಂತದ್ದನ್ನು ನಾನು ಮರೆಯಲಾರೆ. ಅವಳು ಮೂರು ಭಾಷೆಯ ಸುದ್ದಿ ತಂದಿದ್ದಳು.

ಅಂಕಿಗಳನ್ನು ಗಣಿತದ ಶಿಕ್ಷಕರಿಗೆ ಬಿಡಿ, ಆದರೆ ಉದಾಹರಣೆ ತೊಗರಿಯದ್ದೇ ಇರಲಿ. 2024–25ರಲ್ಲಿ ಕ್ವಿಂಟಲ್‌ಗೆ 7,550 ರೂಪಾಯಿ ಇದ್ದ ತೊಗರಿಯ ಕನಿಷ್ಠ ಬೆಂಬಲ ಬೆಲೆಯನ್ನು ಕೇಂದ್ರ ಸರ್ಕಾರ 2025–26ಕ್ಕೆ 8,000 ರೂಪಾಯಿಗೆ ಏರಿಸಿತು. ಈ ಏರಿಕೆಯನ್ನು 450 ರೂಪಾಯಿ ಎಂದು ಬರೆಯಬಹುದು, ಶೇಕಡಾ ಸುಮಾರು 6 ಎಂದು ಬರೆಯಬಹುದು, ಕಿಲೋಗೆ ನಾಲ್ಕೂವರೆ ರೂಪಾಯಿ ಎಂದೂ ಬರೆಯಬಹುದು. ಮೂರೂ ಖರೇ. ಮೂರರಿಂದ ಮೂರು ತಲೆಬರಹ ಮಾಡಿಸಿ, ಯಾವುದು ದೊಡ್ಡದಾಗಿ ಕೇಳಿಸುತ್ತದೆ ಎಂದು ಕೇಳಿ. ಎಪಿಎಂಸಿ ದರದ ಸುದ್ದಿ ಬಂದರೆ ಯಾವ ಮಾರುಕಟ್ಟೆ, ಯಾವ ದಿನ, ಅದು ಕನಿಷ್ಠ ದರವೋ ಗರಿಷ್ಠ ದರವೋ ಎಂದು ನೋಡಲಿ. ತೊಗರಿ ಮಾರಿದ ಮನೆಯ ಮಕ್ಕಳಿಗೆ ಗರಿಷ್ಠ ದರ ಎಲ್ಲರ ಕೈಗೂ ಬರುವುದಿಲ್ಲ ಎಂಬುದನ್ನು ವಿವರಿಸಬೇಕಾಗಿಲ್ಲ.

ಚಿತ್ರ ನಿಜ, ಮಾತು ಸುಳ್ಳು

ಭೀಮಾ ನದಿ ಉಕ್ಕಿದಾಗಲೆಲ್ಲ ಹಳೆಯ ವಿಡಿಯೊಗಳು ಹೊಸದಾಗಿ ತೇಲಿಬರುತ್ತವೆ. 2020ರ ಅಕ್ಟೋಬರ್‌ನ ಪ್ರವಾಹದಲ್ಲಿ ಕಲಬುರಗಿ, ಯಾದಗಿರಿಯ ಹಳ್ಳಿಗಳು ಮುಳುಗಿದ ದೃಶ್ಯವನ್ನು ಬೇರೊಂದು ವರ್ಷ "ಇಂದು ಬೆಳಿಗ್ಗೆ" ಎಂದು ಕಳಿಸಿದರೆ, ನೀರು ನಿಜ, ಊರು ನಿಜ, ಸಂಕಟವೂ ನಿಜ. ಸುಳ್ಳಾದದ್ದು ದಿನ ಮಾತ್ರ. ಆದರೆ ಆ ಒಂದು ಸುಳ್ಳಿಗೆ ಜನ ರಾತ್ರೋರಾತ್ರಿ ದನಕರು ಹೊಡೆದುಕೊಂಡು ಹೊರಡಬೇಕಾಗುತ್ತದೆ, ಮುಂದಿನ ಸಲ ನಿಜವಾದ ಎಚ್ಚರಿಕೆ ಬಂದಾಗ ಹೊರಡದೆ ಉಳಿಯುತ್ತಾರೆ.

ಚಿತ್ರದೊಳಗಿನ ಸುಳಿವು ಹುಡುಕುವುದನ್ನು ಮಕ್ಕಳು ಬಲು ಇಷ್ಟಪಡುತ್ತಾರೆ. ವಾಹನದ ಫಲಕದಲ್ಲಿ ಕೆಎ 32 ಇದ್ದರೆ ಕಲಬುರಗಿ, 33 ಇದ್ದರೆ ಯಾದಗಿರಿ, 38 ಇದ್ದರೆ ಬೀದರ್ ನೋಂದಣಿ. ಬೋರ್ಡಿನ ಮೇಲೆ ಗುಲ್ಬರ್ಗ ಎಂದಿದೆಯೋ ಕಲಬುರಗಿ ಎಂದಿದೆಯೋ ನೋಡಬಹುದು, ಏಕೆಂದರೆ ಸರ್ಕಾರಿ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಬಸ್ಸಿನ ಮೇಲೆ ಈಶಾನ್ಯ ಕರ್ನಾಟಕ ಎಂದಿದೆಯೋ ಕಲ್ಯಾಣ ಕರ್ನಾಟಕ ಎಂದಿದೆಯೋ ನೋಡಬಹುದು. ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು 2019ರಲ್ಲಿ ಬಂತು, ಸಾರಿಗೆ ನಿಗಮದ ಹೆಸರು ಅದರ ನಂತರ ಬದಲಾಯಿತು. ಇವೆಲ್ಲ ಸುಳಿವುಗಳು ಮಾತ್ರ, ತೀರ್ಪಲ್ಲ. ಹಳೆಯ ಅಂಗಡಿಯ ಬೋರ್ಡು ಇಂದಿಗೂ ಗುಲ್ಬರ್ಗ ಎಂದೇ ನಿಂತಿರಬಹುದು, ಕಲಬುರಗಿಯ ಲಾರಿ ಸೊಲ್ಲಾಪುರದಲ್ಲೂ ಓಡುತ್ತದೆ. ಶಿಕ್ಷಕರ ಫೋನಿನಲ್ಲಿ, ಚಿತ್ರ ಕೊಟ್ಟರೆ ಅದರಂಥ ಚಿತ್ರಗಳನ್ನು ಹುಡುಕಿಕೊಡುವ ಗೂಗಲ್ ಲೆನ್ಸ್ ತೆರೆದು ವಿಡಿಯೊದ ಒಂದು ಚೌಕಟ್ಟನ್ನು ಹುಡುಕಿ, ಅದೇ ಚಿತ್ರ ಹಿಂದೆ ಎಲ್ಲಾದರೂ ಬಂದಿತ್ತೇ ಎಂದು ಎಲ್ಲರಿಗೂ ತೋರಿಸಿ.

ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆರಳು ಎಣಿಸಿ, ಬೋರ್ಡಿನ ಕನ್ನಡ ಅಕ್ಷರ ಅಡ್ಡಾದಿಡ್ಡಿಯಾಗಿದೆಯೇ ನೋಡಿ ಎಂಬ ಉಪಾಯಗಳು ದಿನದಿಂದ ದಿನಕ್ಕೆ ಸವೆಯುತ್ತಿವೆ. ಆ ತಂತ್ರಜ್ಞಾನ ಸುಧಾರಿಸುತ್ತಲೇ ಇದೆ. ಇದಕ್ಕೂ ರಜೆಯ ಆದೇಶದ ಪಾಠವೇ ಉತ್ತರ: ಚಿತ್ರವನ್ನು ದಿಟ್ಟಿಸುವುದಕ್ಕಿಂತ ಅದು ಬಂದ ದಾರಿಯನ್ನು ಹಿಡಿದು ಹೋಗುವುದು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇತಿಹಾಸಕಾರರು, ವಿದ್ಯಾರ್ಥಿಗಳು, ಸುದ್ದಿಯ ಸತ್ಯ ಪರೀಕ್ಷಿಸುವವರು ಹೀಗೆ ಒಟ್ಟು 45 ಮಂದಿಗೆ ಅಪರಿಚಿತ ಜಾಲತಾಣಗಳನ್ನು ತೋರಿಸಿದಾಗ, ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪುಟವನ್ನೇ ಮೇಲಿನಿಂದ ಕೆಳಗೆ ಓದುತ್ತ ಎಷ್ಟೋ ಸಲ ಅದರ ಅಂದಕ್ಕೆ ಮೋಸಹೋದರು. ಸತ್ಯ ಪರೀಕ್ಷಕರು ಬೇಗನೆ ಆ ಪುಟ ಬಿಟ್ಟು ಹೊರಗೆ ಬಂದು, ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹುಡುಕಿದರು. ನಮ್ಮ ಮಕ್ಕಳಿಗೆ ಇದನ್ನು ಅರ್ಥಮಾಡಿಸಲು ಅಮೆರಿಕದವರೆಗೆ ಹೋಗಬೇಕಿಲ್ಲ. ಮಗಳನ್ನು ಕೊಡುವ ಮೊದಲು ಹುಡುಗ ಹೇಗೆ ಎಂದು ಹುಡುಗನ ಮನೆಯವರನ್ನೇ ಯಾರಾದರೂ ಕೇಳುತ್ತಾರೆಯೇ? ಓಣಿಯವರನ್ನು ಕೇಳುತ್ತಾರೆ, ಅವನು ಕೆಲಸ ಮಾಡುವಲ್ಲಿ ಕೇಳುತ್ತಾರೆ. ಸುದ್ದಿಯೊಂದನ್ನು ಮನೆಯೊಳಗೆ ಬಿಟ್ಟುಕೊಳ್ಳುವಾಗಲೂ ಅಷ್ಟೇ ವಿಚಾರಣೆ ಬೇಕು.

ಮುರ್ಕಿಯ ಪಾಠ

ಒಂಬತ್ತು ಮತ್ತು ಹತ್ತನೆಯ ತರಗತಿಗೆ ಮಾತ್ರ, ಅದೂ ಮೇಲಿನ ಪಾಠಗಳೆಲ್ಲ ಮುಗಿದ ಮೇಲೆ, ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ 2018ರ ಜುಲೈ 13ರಂದು ನಡೆದದ್ದನ್ನು ಹೇಳಬೇಕು. ಹೇಳದೆ ಬಿಡುವುದು ಸುಲಭ, ಆದರೆ ಇದು ನಮ್ಮ ನೆಲದಲ್ಲಿ ನಡೆದದ್ದು. ಹೈದರಾಬಾದಿನಿಂದ ಈ ಕಡೆಗೆ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನೋಡಿದವರಿಗೆ ಸಂಶಯ ಬಂತು, ಮಕ್ಕಳ ಕಳ್ಳರು ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಮುಂದಿನ ಊರಿಗೆ ಹೋಯಿತು. ಮುರ್ಕಿಯಲ್ಲಿ ದಾರಿಗೆ ಅಡ್ಡಹಾಕಿ ನಿಲ್ಲಿಸಿದರು, ಗುಂಪು ಹೊಡೆಯಿತು, ತಡೆಯಲು ಹೋದ ಪೊಲೀಸರಿಗೂ ಗಾಯಗಳಾದವು, ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಜೀವ ಕಳೆದುಕೊಂಡರು.

ಇದನ್ನು ಕಲಿಸುವಾಗ ವಿಡಿಯೊ ತೋರಿಸಬೇಡಿ, ಮಕ್ಕಳಿಂದ ಅಭಿನಯ ಮಾಡಿಸಬೇಡಿ. ಗುಂಪಿನ ಪಾತ್ರವನ್ನು ಆಟವಾಗಿ ಆಡಿದ ಮಗುವಿಗೆ ಅದು ಆಟವಾಗಿಯೇ ಉಳಿಯುವ ಅಪಾಯವಿದೆ. ಹಲಗೆಯ ಮೇಲೆ ಒಂದು ಗೆರೆ ಎಳೆದು, ಚಾಕೊಲೇಟ್ ಕೊಟ್ಟ ಕ್ಷಣ ಒಂದು ತುದಿಯಲ್ಲಿ, ದಾರಿಗೆ ಅಡ್ಡಹಾಕಿದ ಕ್ಷಣ ಇನ್ನೊಂದು ತುದಿಯಲ್ಲಿ ಬರೆಯಿರಿ. ನಡುವೆ ಇದ್ದಿರಬಹುದಾದ ಕೈಗಳನ್ನು ಮಕ್ಕಳು ಹೇಳಲಿ: ನೋಡಿದವರು, ಮೊದಲು ಬರೆದವರು, ಗುಂಪಿನ ಅಡ್ಮಿನ್, ಓದಿ ಮುಂದಕ್ಕೆ ಕಳಿಸಿದವರು, ಓದಿ ಸುಮ್ಮನಿದ್ದವರು. ಒಬ್ಬೊಬ್ಬರ ಕೆಳಗೆ ಅವರು ಕೇಳಬಹುದಾಗಿದ್ದ ಒಂದೇ ಪ್ರಶ್ನೆಯನ್ನು, ಮಾಡಬಹುದಾಗಿದ್ದ ಒಂದೇ ಫೋನ್ ಕರೆಯನ್ನು ಬರೆಯಿಸಿ. ಚಾಕೊಲೇಟ್ ಕೊಟ್ಟದ್ದು ಖರೇ, ಕಳ್ಳರು ಎಂಬುದು ಸುಳ್ಳು. ಕಣ್ಣಾರೆ ಕಂಡದ್ದಕ್ಕೂ ಅದರಿಂದ ಊಹಿಸಿದ್ದಕ್ಕೂ ನಡುವೆ ಒಬ್ಬರೂ ನಿಂತು ಕೇಳಲಿಲ್ಲ ಎಂಬುದನ್ನು ಅವರು ಬರೆದದ್ದರಿಂದಲೇ ತೋರಿಸಿ. ತರಗತಿಯಲ್ಲಿ ಎಲ್ಲ ಜಾತಿ ಧರ್ಮಗಳ ಮಕ್ಕಳೂ ಕೂತಿರುತ್ತಾರೆ. ಸತ್ತವರ ಗುರುತನ್ನೂ ಹೊಡೆದವರ ಗುರುತನ್ನೂ ಚರ್ಚೆಯ ವಿಷಯವಾಗಲು ಬಿಡದೆ, ಸುದ್ದಿ ನಡೆದ ದಾರಿಯಲ್ಲೇ ಪಾಠವನ್ನು ಹಿಡಿದಿಡುವುದು ಶಿಕ್ಷಕರ ಹೊಣೆ.

ದೇಶದ ನಾನಾ ಕಡೆ ಇಂಥ ಹತ್ಯೆಗಳು ನಡೆದ ಆ ಜುಲೈನಲ್ಲೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿಮಾಡಿತು. ಒಂದು ಬಾಣ ಇದ್ದರೆ ಮುಂದೂಡಿದ್ದು, ಜೋಡಿ ಬಾಣ ಇದ್ದರೆ ಬಹಳ ಕೈ ದಾಟಿದ್ದು ಎಂಬ ಗುರುತನ್ನು ಮಕ್ಕಳಿಗೆ ತೋರಿಸಿ. ಬಾಣ ಇಲ್ಲದಿದ್ದರೆ ನಿಜ ಎಂದು ಅವರು ತಿಳಿಯದಂತೆಯೂ ನೋಡಿಕೊಳ್ಳಿ, ಏಕೆಂದರೆ ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ, ಚಿತ್ರವನ್ನು ಉಳಿಸಿಕೊಂಡು ಹೊಸದಾಗಿ ಕಳಿಸಿದರೆ ಆ ಗುರುತು ಅಳಿಸಿಹೋಗುತ್ತದೆ.

ಅತಿ ಸಂಶಯದ ಅಪಾಯ

ಮೊದಲ ವರ್ಷ ನಾನು ಒಂದು ದೊಡ್ಡ ತಪ್ಪು ಮಾಡಿದೆ. ನಾನು ತಂದ ಉದಾಹರಣೆಗಳೆಲ್ಲ ಸುಳ್ಳು ಸುದ್ದಿಗಳೇ ಆಗಿದ್ದವು. ವರ್ಷದ ಕೊನೆಗೆ ಫೆಬ್ರುವರಿಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಬಂದಾಗ, ನನ್ನದೇ ತರಗತಿಯ ಕೆಲವು ಮಕ್ಕಳು ಮಾತ್ರೆ ನುಂಗಲು ಒಪ್ಪಲಿಲ್ಲ. "ಸುಳ್ಳು ಇರಬಹುದಲ್ರೀ ಸರ್, ನೀವೇ ಹೇಳೀರಿ ನಂಬಬ್ಯಾಡ್ರಿ ಅಂತ" ಎಂದರು. ನಾನು ಅವರಿಗೆ ಪರೀಕ್ಷಿಸುವುದನ್ನು ಕಲಿಸಿರಲಿಲ್ಲ, ನಂಬದಿರುವುದನ್ನು ಮಾತ್ರ ಕಲಿಸಿದ್ದೆ. ಏನನ್ನೂ ನಂಬದ ಮನಸ್ಸು ಎಲ್ಲವನ್ನೂ ನಂಬುವ ಮನಸ್ಸಿನಷ್ಟೇ ಸುಲಭವಾಗಿ ಬೇರೆಯವರ ಕೈಗೆ ಸಿಗುತ್ತದೆ ಎಂಬುದು ನನಗೆ ಅಂದು ತಿಳಿಯಿತು.

ಅಂದಿನಿಂದ ಪ್ರತಿ ಪಾಠದಲ್ಲಿ ಸುಳ್ಳಿನಷ್ಟೇ ಸಂಖ್ಯೆಯ ನಿಜಗಳನ್ನು ಬೆರೆಸುತ್ತೇನೆ, ಅದರಲ್ಲೂ ಸುಳ್ಳಿನಂತೆ ಕೇಳಿಸುವ ನಿಜಗಳನ್ನು ಹುಡುಕುತ್ತೇನೆ. ಭಾರತದಲ್ಲಿ ಕೊರೊನಾದ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ದೇಶಕ್ಕೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಲಬುರಗಿ, ಬೀದರ್, ಯಾದಗಿರಿಯ ಜನರಿಗೆ 1948ರ ಸೆಪ್ಟೆಂಬರ್ 17ರವರೆಗೆ ತಲುಪಿರಲಿಲ್ಲ ಎಂಬುದನ್ನು ಬೆಂಗಳೂರಿನ ಬಂಧುವೊಬ್ಬರಿಗೆ ಹೇಳಿ ನೋಡಿ ಎಂದು ಮನೆಗೆಲಸ ಕೊಟ್ಟರೆ, ನಿಜವನ್ನು ಒಪ್ಪಿಸಲು ಏನೇನು ಆಧಾರ ಬೇಕು ಎಂಬುದು ಅವರಿಗೆ ಅನುಭವದಿಂದ ತಿಳಿಯುತ್ತದೆ. ಅರ್ಧ ನಿಜಕ್ಕೆ ಕಲಬುರಗಿ ಕೋಟೆಯ ತೋಪು ಇದೆ. ಅದು 29 ಅಡಿ ಉದ್ದ, ಜಗತ್ತಿನಲ್ಲೇ ಉದ್ದದ್ದು ಎಂದು ಹೇಳಲಾಗುತ್ತದೆ. ಪ್ರವಾಸಕ್ಕೆ ಹೋದಾಗ ಮಕ್ಕಳು ಅದರ ಪಕ್ಕ ನಿಂತು ಈ ಮಾತನ್ನು ಎರಡಾಗಿ ಸೀಳಲಿ: ಮೊದಲರ್ಧಕ್ಕೆ ಒಂದು ಟೇಪು ಸಾಕು, ಎರಡನೆಯರ್ಧಕ್ಕೆ ಜಗತ್ತಿನ ತೋಪುಗಳ ಪಟ್ಟಿಯೇ ಬೇಕು.

ರಾಜಕೀಯ ಪಕ್ಷಗಳ ಸಂದೇಶಗಳನ್ನು ಮೊದಲ ವರ್ಷ ತರಬೇಡಿ ಎಂಬುದು ನನ್ನ ಸಲಹೆ. ಮಕ್ಕಳು ತಂದರೆ ಬೈಯಬೇಡಿ. ಅದೇ ಪ್ರಶ್ನೆಗಳನ್ನು ಕೇಳಿ, ತೀರ್ಪು ಹೇಳದೆ ಮುಂದಕ್ಕೆ ಹೋಗಿ. ಸತ್ಯ ಪರೀಕ್ಷಿಸುವ ತಾಣಗಳನ್ನು ಪರಿಚಯಿಸುವಾಗ ಅವುಗಳ ಮಿತಿಯನ್ನೂ ಹೇಳಿ. 2019ರ ನವೆಂಬರ್‌ನಲ್ಲಿ ಆರಂಭವಾದ ಪಿಐಬಿ ಫ್ಯಾಕ್ಟ್ ಚೆಕ್ ಕೇಂದ್ರ ಸರ್ಕಾರದ ವಾರ್ತಾ ಕಚೇರಿಯದು, ಅದು ಆ ಸರ್ಕಾರಕ್ಕೆ ಸಂಬಂಧಿಸಿದ ಮಾತುಗಳನ್ನು ನೋಡುತ್ತದೆ. ನ್ಯೂಸ್‌ಚೆಕರ್‌ನಂಥ ಸ್ವತಂತ್ರ ತಾಣಗಳು ಕನ್ನಡದಲ್ಲೂ ಬರೆಯುತ್ತವೆ. ನಿಮ್ಮ ಊರಿನ ಗಾಳಿಮಾತು ಇವು ಯಾವುದರಲ್ಲೂ ಸಿಗದೇ ಇರಬಹುದು. ಅದನ್ನು ನೀವೇ ನಡೆದುಹೋಗಿ ಕೇಳಬೇಕು. ಫಲಿತಾಂಶ, ವಿದ್ಯಾರ್ಥಿವೇತನ, ಉಚಿತ ಲ್ಯಾಪ್‌ಟಾಪ್ ಹೆಸರಿನಲ್ಲಿ ಬರುವ ಲಿಂಕುಗಳಿಂದ ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನು ಎಲ್ಲರಿಂದಲೂ ಬಾಯಿಪಾಠ ಮಾಡಿಸಿ.

ಮನೆಯಲ್ಲಿ ಮಾತು, ಶಾಲೆಯಲ್ಲಿ ವಹಿ

ತರಗತಿಯಲ್ಲಿ ಜಾಣನಾದ ಹುಡುಗ ಮನೆಗೆ ಹೋಗಿ "ಮುತ್ಯಾ, ನೀ ಕಳ್ಸಿದ್ದು ಸುಳ್ಳು" ಎಂದರೆ ಆ ದಿನವೇ ಪಾಠ ಮುಗಿಯಿತು. ಹಿರಿಯರು ಸಂದೇಶ ಕಳಿಸುವುದು ಬಹುಪಾಲು ಪ್ರೀತಿಯಿಂದ, ನಮ್ಮವರಿಗೆ ಏನೂ ಆಗದಿರಲಿ ಎಂಬ ಕಾಳಜಿಯಿಂದ. ಆ ಕಾಳಜಿಗೆ ನೋವಾಗದಂತೆ ಕೇಳುವ ಮಾತನ್ನು ತರಗತಿಯಲ್ಲೇ ಜೋಡಿಯಾಗಿ ನಿಂತು ರೂಢಿ ಮಾಡಿಸಬೇಕು: "ಕಾಕಾ, ಇದು ಯಾರು ಕಳಿಸ್ಯಾರ್ರಿ? ಅವರು ತಾವೇ ನೋಡ್ಯಾರೇನ್ರಿ? ನಾಳೆ ಸಾಲ್ಯಾಗ ಸರ್‌ಗೆ ಕೇಳಿ ಬರ್ತೀನಿ, ಅಲ್ಲಿತನಕ ಮುಂದ ಕಳಿಸಬ್ಯಾಡ್ರಿ." ಇದರಲ್ಲಿ ಆಕ್ಷೇಪಣೆ ಇಲ್ಲ, ಒಂದು ರಾತ್ರಿಯ ಸಮಯ ಕೇಳುವುದು ಮಾತ್ರ ಇದೆ. ಎಷ್ಟೋ ಗಾಳಿಸುದ್ದಿಗಳಿಗೆ ಒಂದು ರಾತ್ರಿ ದಾಟುವ ಆಯುಷ್ಯ ಇರುವುದಿಲ್ಲ.

ಈ ಕಲಿಕೆಗೆ ಪರೀಕ್ಷೆ ಇಡಬೇಡಿ. ಪ್ರತಿ ಮಗುವಿಗೆ ನೂರು ಪುಟದ ಒಂದು ವಹಿ ಕೊಡಿಸಿ, ಅದಕ್ಕೆ ಅವರೇ ಹೆಸರಿಡಲಿ. ನಮ್ಮ ಶಾಲೆಯಲ್ಲಿ ಅದು "ಖರೇ ವಹಿ". ವಾರಕ್ಕೆ ಒಂದು ಸುದ್ದಿ ಸಾಕು. ಕೇಳಿದ್ದೇನು, ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ನಾನು ಎಲ್ಲಿ ಹೋಗಿ ಯಾರನ್ನು ಕೇಳಿದೆ, ಸಿಕ್ಕಿದ್ದೇನು ಎಂದು ತಮ್ಮ ಮಾತಿನಲ್ಲೇ ಬರೆಯಲಿ. ಮನೆಯ ಗುಟ್ಟು, ನೆರೆಯವರ ಹೆಸರು ಬರೆಯಬಾರದೆಂಬ ಒಂದೇ ಕಟ್ಟಳೆ ಇರಲಿ. ಶುಕ್ರವಾರದ ಕೊನೆಯ ಅವಧಿಯಲ್ಲಿ ಇಬ್ಬರು ಮೂವರು ಓದಿ ಹೇಳಲಿ.

"ಇನ್ನೂ ಗೊತ್ತಾಗಿಲ್ಲ" ಎಂದು ಬರೆದ ಮಗುವಿಗೆ, ಹುಡುಕಿದ ದಾರಿಯನ್ನು ಬರೆದಿದ್ದರೆ, ಉತ್ತರ ಸಿಕ್ಕವರಷ್ಟೇ ಮೆಚ್ಚುಗೆ ಸಲ್ಲಬೇಕು. ಹಾಗೆ ಉಳಿದ ಸುದ್ದಿಗಳಿಗೆ ತರಗತಿಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ, ಉತ್ತರ ಸಿಕ್ಕ ದಿನ ಮುಂದೆ ದಿನಾಂಕ ಬರೆಯಿಸಿ. ಮಾರ್ಚ್‌ನಲ್ಲಿ ಹತ್ತನೆಯವರು ಶಾಲೆ ಬಿಟ್ಟು ಹೋಗುವಾಗ ಅವರ ಹಾಳೆಯಲ್ಲಿ ಉಳಿದ ಪ್ರಶ್ನೆಗಳನ್ನು ಒಂಬತ್ತನೆಯವರ ಹಾಳೆಗೆ ಬರೆದುಕೊಡಬೇಕೆಂದು ನಾವು ಮಾಡಿಕೊಂಡಿದ್ದೇವೆ. ಕಳೆದ ಜೂನ್‌ನಲ್ಲಿ ಹೀಗೆ ಬಂದ ನಾಲ್ಕು ಪ್ರಶ್ನೆಗಳಲ್ಲಿ ಎರಡಕ್ಕೆ ದಸರೆಯ ರಜೆಯ ಮೊದಲೇ ಉತ್ತರ ಸಿಕ್ಕಿತು.